ಸೆವೆನ್ ಹಾಕ್ಲೊ, ಟೆನ್ ಹಾಕ್ಲೊ?

ಕಂಪ್ಯೂಟರ್ ಹಟ ಹಿಡಿದು ಕೂತಿದೆ ಎಂದು ಪುಣೆಯ ಕಾತ್ರಜದ ಅಂಗಡಿಗೆ ಹೊತ್ತುಕೊಂಡು ಹೋದರೆ ಏನಾಗಿದೆ ಎಂದು ಕೇಳುವವರು ಕಡಿಮೆ. ಯಾವುದು ಹಾಕಲಿ ಎಂದೇ ಕೇಳುತ್ತಾರೆ. ಚೌಕದಿಂದ ಕೋಂಢವಾ ರಸ್ತೆಗೆ ಹೊರಳಿ ಸ್ವಲ್ಪ ನಡೆದರೆ ಝೆರಾಕ್ಸು, ಲ್ಯಾಮಿನೇಶನ್ನು, ಮೊಬೈಲ್ ಗ್ಲಾಸು, ಪಾನ್ ಕಾರ್ಡು ಎಲ್ಲವನ್ನೂ ಒಂದೇ ಬೋರ್ಡಿನಲ್ಲಿ ತುರುಕಿಕೊಂಡ ಅಂಗಡಿಗಳ ಸಾಲಿದೆ. ಅವುಗಳಲ್ಲಿ ಒಂದರ ಹುಡುಗ ನಿಪ್ಪಾಣಿ ಕಡೆಯವನು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಮರಾಠಿಯೋ ಹಿಂದಿಯೋ ಕನ್ನಡವೋ ಎಂದು ಗುರುತು ಹಿಡಿಯುತ್ತಾನೆ. ನನ್ನನ್ನು ಕಂಡ ಮೊದಲ ದಿನವೇ, ನಾನು ಬಾಯಿ ತೆರೆಯುವ ಮುಂಚೆ, ‘ಬರ್ರಿ ಕಾಕಾ’ ಎಂದ. ಧಾರವಾಡದ ಮುಖಕ್ಕೆ ಏನು ಲಕ್ಷಣವೋ, ನನಗಂತೂ ಕನ್ನಡಿಯಲ್ಲಿ ಕಂಡಿಲ್ಲ. ಚಾರ್ಜರಿನ ವೈರು ಬಿಚ್ಚುತ್ತಲೇ ಕೇಳಿದ: ‘ಸೆವೆನ್ ಹಾಕ್ಲೊ, ಟೆನ್ ಹಾಕ್ಲೊ?’

ಅವನ ಮೇಜಿನ ಅಂಚಿಗೊಂದು ಮೊಳೆ. ಮೊಳೆಗೆ ಪೆನ್‌ಡ್ರೈವುಗಳ ಗೊಂಚಲು. ಒಂದೊಂದಕ್ಕೂ ಬಿಳಿ ಟೇಪು ಸುತ್ತಿ ಬಾಲ್‌ಪೆನ್ನಿನಿಂದ ವಿಂಡೋಸಿನ ಅಂಕಿ ಬರೆದಿದ್ದಾನೆ: 7, 10, ಇನ್ನೊಂದು 10ರ ಪಕ್ಕ ಮರಾಠಿಯಲ್ಲಿ ‘ನವಾ’, 11. ಬೆರಳಿನ ಜಿಡ್ಡಿಗೆ 7ರ ಟೇಪು ಕಂದು ಬಣ್ಣಕ್ಕೆ ತಿರುಗಿ ಅಂಕಿ ಅರ್ಧ ಅಳಿಸಿದೆ. 11ರದು ಇನ್ನೂ ಹಾಲಿನಂತೆ ಬೆಳ್ಳಗಿದೆ. ಈ ಓಣಿಯ ಕಂಪ್ಯೂಟರುಗಳ ಜನಗಣತಿ ಮಾಡಬೇಕೆಂದರೆ ಆ ಟೇಪುಗಳನ್ನು ನೋಡಿದರೆ ಸಾಕು. ಒಂದು ಪೆನ್‌ಡ್ರೈವಿನ ಮೇಲೆ ಮಾತ್ರ ಏನೂ ಬರೆದಿಲ್ಲ. ಅದರಲ್ಲೇನಿದೆ ಎಂದು ಕೇಳಿದೆ. ‘ಅದು ಬ್ಯಾರೆ ಕೆಲಸಕ್ಕ’ ಎಂದು ಮಾತು ಮುಗಿಸಿದ.

ಮಿಕ್ಸರ್ ರಿಪೇರಿಗೆ ಕೊಟ್ಟಾಗ, 2009ರ ಮಿಕ್ಸರ್ ಮಾಡಿ ಕೊಡಲೋ 2015ರದ್ದೋ ಎಂದು ಯಾರೂ ಕೇಳುವುದಿಲ್ಲ. ಸ್ಕೂಟರಿಗೂ ಆ ಭಾಗ್ಯವಿಲ್ಲ. ಮನುಷ್ಯರ ಮಾತಂತೂ ಬಿಡಿ. ಎಲ್ಲವನ್ನೂ ಒರೆಸಿ ಹಾಕಿ, ಈಗ ಯಾವ ವಯಸ್ಸಿನಿಂದ ಶುರು ಮಾಡುತ್ತೀಯಪ್ಪಾ ಎಂಬ ಪ್ರಶ್ನೆ ಎದುರಿಸುವ ವಸ್ತು ನಮ್ಮ ಮನೆಯಲ್ಲಿ ಇದೊಂದೇ. ಪ್ರಶ್ನೆಗೆ ಉತ್ತರ ಕೊಡಬೇಕಾದವರು ಮಾತ್ರ ಅದರ ಒಡೆಯರು. ಒಡೆಯರಿಗೆ ಸಾಮಾನ್ಯವಾಗಿ ಗೊತ್ತಿರುವ ಉತ್ತರ: ‘ಯಾವುದು ಛಲೋ ಅದನ್ನ ಹಾಕಪಾ.’

ಛಲೋ ಯಾವುದು ಎಂಬುದೇ ತಕರಾರು. 2001ರ ಅಕ್ಟೋಬರಿನಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಅದರ ಜೊತೆಯಲ್ಲಿ ತುಂಗಾ ಎಂಬ ಕನ್ನಡ ಫಾಂಟೂ ಬಂತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಕೊಟ್ಟಿದ್ದರು. ಆ ಜಾಗದಲ್ಲಿ ಅಕ್ಷರ ಕೂರಿಸಲು ವಿಂಡೋಸಿಗೆ ಹತ್ತು ವರ್ಷ ಬೇಕಾಯಿತು. ಕೂರಿಸಿದ ಮೇಲೂ ಅಕ್ಷರ ಸುಮ್ಮನೆ ಕಾಣುತ್ತಿರಲಿಲ್ಲ. ಕಂಟ್ರೋಲ್ ಪ್ಯಾನಲಿಗೆ ಹೋಗಿ, ರೀಜನಲ್ ಸೆಟ್ಟಿಂಗ್ಸ್ ಹುಡುಕಿ, ಅಲ್ಲಿ ಲ್ಯಾಂಗ್ವೇಜಸ್ ಎಂಬ ಪುಟದಲ್ಲಿ, ಸಂಕೀರ್ಣ ಲಿಪಿಗಳು ಮತ್ತು ಬಲದಿಂದ ಎಡಕ್ಕೆ ಬರೆಯುವ ಭಾಷೆಗಳು, ‘ಥಾಯ್ ಸಹಿತ’ ಎಂದು ಬರೆದ ಚೌಕಕ್ಕೆ ಟಿಕ್ ಹಾಕಬೇಕಿತ್ತು. ಕನ್ನಡದ ಹೆಸರು ಅಲ್ಲೆಲ್ಲೂ ಇರಲಿಲ್ಲ. ಥಾಯ್ಲೆಂಡಿನವರ ಬೆನ್ನ ಹಿಂದೆ ನಾವು ನುಸುಳಿಕೊಂಡು ಹೋಗಬೇಕು. ಟಿಕ್ ಹಾಕಿದರೆ ತಕ್ಷಣ ಎಕ್ಸ್‌ಪಿ ಸಿಡಿ ಹಾಕು ಎನ್ನುತ್ತಿತ್ತು. ಹೀಗಾಗಿ ಆ ಕಾಲದಲ್ಲಿ ಕಂಪ್ಯೂಟರ್ ಫಾರ್ಮ್ಯಾಟ್ ಆಗಿ ಮನೆಗೆ ಬಂದ ಕೂಡಲೇ ಕನ್ನಡಿಗರು ಮಾಡುತ್ತಿದ್ದ ಮೊದಲ ಕೆಲಸ ಸಿಡಿ ಹುಡುಕುವುದು. ಅಂಗಡಿಯವನು ಸಿಡಿ ಕೊಟ್ಟಿರುತ್ತಿರಲಿಲ್ಲ, ಯಾಕೆಂದರೆ ಅವನ ಹತ್ತಿರ ಇದ್ದದ್ದು ಒಂದೇ ಸಿಡಿ, ಊರಿನ ಎಲ್ಲ ಎಕ್ಸ್‌ಪಿಗಳೂ ಅದರ ಮಕ್ಕಳು. 2009ರಲ್ಲಿ ವಿಂಡೋಸ್ ಸೆವೆನ್ ಬರುವ ಹೊತ್ತಿಗೆ ಈ ಟಿಕ್ಕಿನ ಕಾಟ ತಪ್ಪಿತ್ತು. ಸೆವೆನ್ ಮೇಲೆ ನನ್ನ ವಯಸ್ಸಿನವರಿಗೆ ಇರುವ ಮೋಹಕ್ಕೆ ಇದೂ ಒಂದು ಕಾರಣವೆಂದು ನನ್ನ ಲೆಕ್ಕ.

ಈಚೆಗೆ ಅಂಗಡಿಗೆ ಹೋಗದೆ ಮನೆಯಲ್ಲೇ ಫಾರ್ಮ್ಯಾಟ್ ಹೊಡೆಯುವ ಸೌಲಭ್ಯ ಬಂದಿದೆ. 2012ರಲ್ಲಿ ವಿಂಡೋಸ್ ಎಂಟರ ಜೊತೆ ಶುರುವಾದ ರೀಸೆಟ್ ಬಟನ್ನು ಹತ್ತರಲ್ಲಿ ‘ರೀಸೆಟ್ ದಿಸ್ ಪಿಸಿ’ ಎಂದು ನೆಲೆ ನಿಂತಿತು. ಒತ್ತಿದರೆ ಅದು ಎರಡು ಪ್ರಶ್ನೆ ಕೇಳುತ್ತದೆ. ಫೈಲುಗಳನ್ನು ಇಟ್ಟುಕೊಳ್ಳಲೋ, ಎಲ್ಲ ಅಳಿಸಲೋ? ಹೊಸ ಪ್ರತಿಯನ್ನು ಇಂಟರ್‌ನೆಟ್ಟಿನಿಂದ ತರಲೋ, ಮನೆಯಲ್ಲಿ ಇರುವುದರಿಂದಲೇ ಕಟ್ಟಲೋ? ಇಂಟರ್‌ನೆಟ್ಟಿನಿಂದ ಎಂದರೆ ಸುಮಾರು 4 ಜಿಬಿ ಇಳಿಸಿಕೊಳ್ಳುತ್ತದೆ. ಆದರೆ ಯಾವ ವರ್ಷನ್ ಬೇಕು ಎಂಬ ಮುಖ್ಯ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. ಈಗ ಯಾವುದಿದೆಯೋ ಅದೇ. ಹಿಂದೆ, ಸೆವೆನ್ ಕಾಲದಲ್ಲಿ, ಲ್ಯಾಪ್‌ಟಾಪ್ ಕಂಪನಿಯವರು ಡಿಸ್ಕಿನ ಒಂದು ಮೂಲೆಯಲ್ಲಿ ರಿಕವರಿ ಎಂದು ಹೆಸರಿಟ್ಟು ಒಂದು ಪ್ರತಿಯನ್ನು ಬಚ್ಚಿಟ್ಟಿರುತ್ತಿದ್ದರು. ಅದರಿಂದ ರೀಸೆಟ್ ಮಾಡಿದರೆ ಯಂತ್ರ ತನ್ನ ಹುಟ್ಟಿದ ದಿನಕ್ಕೆ ಹೋಗಿ ನಿಲ್ಲುತ್ತಿತ್ತು, ಕಂಪನಿ ಹಾಕಿ ಕಳಿಸಿದ ಬೇಡದ ಆಟಗಳ ಸಮೇತ. ಈಗಿನ ರೀಸೆಟ್ ಹುಟ್ಟಿದ ದಿನಕ್ಕೆ ಒಯ್ಯುವುದಿಲ್ಲ, ಇವತ್ತನ್ನೇ ತೊಳೆದು ಕೊಡುತ್ತದೆ. ಹತ್ತರಿಂದ ಹನ್ನೊಂದಕ್ಕೆ ಹತ್ತಿಸಿಕೊಂಡವರು ಹತ್ತು ದಿನದೊಳಗೆ ಮನಸ್ಸು ಬದಲಿಸಿದರೆ ಮಾತ್ರ ವಾಪಸ್ ಹೋಗಲು ಒಂದು ಬಾಗಿಲು ತೆರೆದಿರುತ್ತದೆ. ಆಮೇಲೆ ಅದೂ ಮುಚ್ಚುತ್ತದೆ. ಹಾಗಾಗಿ ವರ್ಷನ್ ಆರಿಸುವ ಹಕ್ಕು ಇವತ್ತಿಗೂ ಇರುವುದು ಮೊಳೆಯ ಮೇಲಿನ ಗೊಂಚಲಿನಲ್ಲೇ.

ಅಲ್ಲೂ ಪೂರ್ತಿ ಇಲ್ಲ. ನಮ್ಮ ಮನೆಯ ಲ್ಯಾಪ್‌ಟಾಪಿಗೆ ಆ ಹುಡುಗ 10 ಎಂದು ಬರೆದದ್ದನ್ನು ಚುಚ್ಚಿದಾಗ, ಹೋಮೋ ಪ್ರೋನೋ ಎಂದು ಅದು ಕೇಳುತ್ತದೆ ಎಂದುಕೊಂಡಿದ್ದೆ. ಕೇಳಲೇ ಇಲ್ಲ. ಕಂಪನಿಯವರು ಮದರ್‌ಬೋರ್ಡಿನ ಒಳಗೇ ಲೈಸೆನ್ಸಿನ ಕೀಲಿಯನ್ನು ಬರೆದು ಕಳಿಸಿರುತ್ತಾರೆ. ಇನ್‌ಸ್ಟಾಲ್ ಆಗುವಾಗ ವಿಂಡೋಸ್ ಅದನ್ನು ಓದಿಕೊಂಡು ತಾನೇ ತೀರ್ಮಾನಿಸುತ್ತದೆ. ನಮ್ಮದು ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’. ನಮ್ಮಂಥ ದೇಶಗಳಿಗೆಂದು ಅಗ್ಗಕ್ಕೆ ಮಾಡಿದ ತಳಿ. ಪರದೆಯ ಮಾತು ಒಂದೇ ಭಾಷೆಯಲ್ಲಿ ಇರಬೇಕು, ಇನ್ನೊಂದು ಬೇಕಾದರೆ ದುಡ್ಡು ಕೊಟ್ಟು ಮೇಲಿನ ತಳಿಗೆ ಹೋಗಬೇಕು. ನನ್ನ ಹೆಂಡತಿ ತವರಿಗೆ ಫೋನ್ ಹಚ್ಚಿದರೆ ಕನ್ನಡ, ಹಾಲಿನವನ ಜೊತೆ ಮರಾಠಿ, ಲಿಫ್ಟಿನಲ್ಲಿ ಸಿಕ್ಕವರ ಜೊತೆ ಹಿಂದಿ, ಮೊಮ್ಮಗನ ಶಾಲೆಯವರ ಜೊತೆ ಇಂಗ್ಲಿಷು. ಇಂಥ ಮನೆಗೆ ಸಿಂಗಲ್ ಲ್ಯಾಂಗ್ವೇಜನ್ನು ಯಾರು ಆರಿಸಿದರೋ! ಟೈಪು ಮಾಡಲು ಯಾವ ಭಾಷೆಗೂ ಅಡ್ಡಿಯಿಲ್ಲ ಎಂಬುದಷ್ಟೇ ಸಮಾಧಾನ.

ಇನ್ನು ಸಂತೋಷ ನಗರದಲ್ಲಿರುವ ನಮ್ಮ ಸ್ನೇಹಿತರ ಕತೆ. ಇಳಕಲ್ಲಿನವರು, ನಿವೃತ್ತರು, ನಮ್ಮ ಭಾಗದ ಕನ್ನಡಿಗರ ರಾಜ್ಯೋತ್ಸವಕ್ಕೆ ವರ್ಷಾನುಗಟ್ಟಲೆ ಖಜಾಂಚಿ. ಆಮಂತ್ರಣ, ದೇಣಿಗೆಯ ಪಟ್ಟಿ, ಹಾಲ್ ಬಾಡಿಗೆಯ ಪತ್ರ, ಸತ್ಕಾರದ ಬಿನ್ನವತ್ತಳೆ ಎಲ್ಲವೂ ಅವರ ಲ್ಯಾಪ್‌ಟಾಪಿನಲ್ಲಿ, ನುಡಿ ತಂತ್ರಾಂಶದಲ್ಲಿ. ಅದು ನಿಧಾನವಾಯಿತೆಂದು ಅಳಿಯ ರೀಸೆಟ್ ಒತ್ತಿದರು. ತಿಳಿದವರು, ಜಾಣರು, ‘ಫೈಲುಗಳನ್ನು ಇಟ್ಟುಕೊ’ ಎಂಬುದನ್ನೇ ಆರಿಸಿದರು. ವಿಂಡೋಸ್ ಕೊಟ್ಟ ಮಾತಿಗೆ ತಪ್ಪಲಿಲ್ಲ. ಒಂದು ಫೈಲೂ ಹೋಗಿರಲಿಲ್ಲ. ತೆಗೆದುಹಾಕಿದ ಪ್ರೋಗ್ರಾಮುಗಳ ಪಟ್ಟಿಯೊಂದನ್ನು ಡೆಸ್ಕ್‌ಟಾಪಿನ ಮೇಲೆ ಮರ್ಯಾದೆಯಿಂದ ಇಟ್ಟಿತ್ತು ಕೂಡ. ಆ ಪಟ್ಟಿಯಲ್ಲಿ ನುಡಿಯೂ ಇತ್ತು. ನುಡಿಯ ಜೊತೆ ಅದರ ಫಾಂಟುಗಳೂ ಹೋಗಿದ್ದವು. ಫಾಂಟುಗಳು ಇರುವುದು ವಿಂಡೋಸಿನ ಹೊಟ್ಟೆಯೊಳಗೆ, ಒಡೆಯರ ಫೈಲುಗಳ ಲೆಕ್ಕದಲ್ಲಿ ಅಲ್ಲ.

ಅವರು ನನ್ನನ್ನು ಕರೆಸಿ ತೋರಿಸಿದ ಪರದೆ ಇನ್ನೂ ಕಣ್ಣಿಗೆ ಕಟ್ಟಿದೆ. ‘ಕನ್ನಡ’ ಎಂದು ಇರಬೇಕಾದಲ್ಲಿ ಮೊದಲಿಗೆ ಇಂಗ್ಲಿಷಿನ ಪಿ, ಆಮೇಲೆ ತಲೆಯ ಮೇಲೆ ಓರೆಗೀರು ಹೊತ್ತ ಎ, ಆಮೇಲೆ ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಗೀರಿನ ಎ, ಆಮೇಲೆ ಜರ್ಮನರು ಬಳಸುವ ಬಿಯಂಥ ಒಂದು ಅಕ್ಷರ. ಪೌಂಡು ಎಂದರೆ ನಕಾರ. ಜರ್ಮನ್ ಅಕ್ಷರ ಎಂದರೆ ನ ಒತ್ತು. ಗೀರಿನ ಎ ಎಂದರೆ ತಲಕಟ್ಟು. ಹಳೆಯ ಕನ್ನಡ ತಂತ್ರಾಂಶಗಳೆಲ್ಲ ಮಾಡಿದ್ದು ಇದನ್ನೇ. ಯಂತ್ರಕ್ಕೆ ಗೊತ್ತಿದ್ದದ್ದು ಯುರೋಪಿನ ಅಕ್ಷರಗಳು ಮಾತ್ರ. ಆ ಮನೆಗಳಲ್ಲೇ ನಮ್ಮ ಅಕ್ಷರಗಳನ್ನು ಬಾಡಿಗೆಗೆ ಇಟ್ಟರು. ಫಾಂಟು ಇರುವ ತನಕ ಬಾಡಿಗೆದಾರರು ಕಾಣುತ್ತಿದ್ದರು, ಫಾಂಟು ಹೋದ ಕೂಡಲೇ ಮನೆ ಮಾಲೀಕರೇ ಬಾಗಿಲಿಗೆ ಬಂದರು. ದೇಣಿಗೆಯ ಪಟ್ಟಿಯ ತುಂಬ ಪೌಂಡುಗಳನ್ನು ಕಂಡು ನಮ್ಮ ಖಜಾಂಚಿಗಳು, ‘ರೊಕ್ಕಾ ಎಲ್ಲಾ ಲಂಡನ್ನಿಗೆ ಹೋದಂಗಾತಲ್ರಿ’ ಎಂದರು.

ನುಡಿಯನ್ನು ಮತ್ತೆ ಹಾಕಿದರೆ ಎಲ್ಲ ಸರಿಹೋಗುತ್ತದೆ, ಹೋಯಿತೂ ಕೂಡ. ಆದರೆ ವರ್ಷನ್ ಎನ್ನುವುದು ವಿಂಡೋಸಿಗೆ ಮಾತ್ರ ಇರುವುದಲ್ಲ ಎಂದು ನನಗೆ ಹೊಳೆದದ್ದು ಆವತ್ತು. ಕನ್ನಡಕ್ಕೇ ವರ್ಷನ್ನುಗಳಿವೆ, ಮತ್ತು ಅವು ಒಂದನ್ನೊಂದು ಓದಲಾರವು. ನುಡಿಯ ಕನ್ನಡ ಬೇರೆ, ಅಚ್ಚುಕೂಟಗಳ ಶ್ರೀಲಿಪಿಯ ಕನ್ನಡ ಬೇರೆ, ಯೂನಿಕೋಡಿನ ಕನ್ನಡ ಬೇರೆ. ತಮಾಷೆಯೆಂದರೆ ಇದರಲ್ಲಿ ಅರ್ಧ ಕೆಲಸ ನಡೆದದ್ದು ಇದೇ ಊರಿನಲ್ಲಿ. ಶ್ರೀಲಿಪಿ ಮಾಡಿದ ಮಾಡ್ಯುಲರ್ ಇನ್ಫೋಟೆಕ್ ಪುಣೆಯ ಕಂಪನಿ. 1988ರಲ್ಲಿ ಇಲ್ಲಿ ಶುರುವಾದ ಸಿ-ಡ್ಯಾಕಿನ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗುವುದು 1991ರ ಪರಂ 8000 ಸೂಪರ್ ಕಂಪ್ಯೂಟರು. ಕಾನ್ಪುರದ ಐಐಟಿಯಲ್ಲಿ ಹುಟ್ಟಿದ ಜಿಸ್ಟ್ ಎಂಬ ಭಾರತೀಯ ಭಾಷೆಗಳ ತಂತ್ರಜ್ಞಾನ ಬಂದು ಬೆಳೆದದ್ದೂ ಅಲ್ಲೇ. ಆ ಕೆಲಸದ ದಾರಿಯಲ್ಲೇ ಬಂದ ಇಸ್ಕಿ ಎಂಬ ಮಾನಕ 1991ರಲ್ಲಿ ಸರ್ಕಾರದ ಮುದ್ರೆ ಪಡೆಯಿತು. ಯೂನಿಕೋಡಿನಲ್ಲಿ ಕನ್ನಡದ ಅಕ್ಷರಗಳು ಕೂತಿರುವ ಸಾಲಿನ ಕ್ರಮ ಇಸ್ಕಿಯ ಹಳೆಯ ರೂಪವೊಂದರಿಂದ ತೆಗೆದುಕೊಂಡದ್ದು. ಸೂಪರ್ ಕಂಪ್ಯೂಟರನ್ನು ನಾನು ಕಂಡಿಲ್ಲ. ಜಿಸ್ಟಿನ ಋಣ ಮಾತ್ರ ದಿನಾ ಬೆಳಗ್ಗೆ ಬೆರಳ ತುದಿಯಲ್ಲಿದೆ. ಕನ್ನಡ ಮಾತಾಡಲು ಮುಖ ನೋಡಿ ಗುರುತು ಹಿಡಿಯಬೇಕಾದ ಈ ಊರಲ್ಲಿ ಕುಳಿತು ಯಾರೋ ಮರಾಠಿಗರು, ಬಂಗಾಳಿಗಳು, ಕಾನ್ಪುರದವರು ನಮ್ಮ ಒತ್ತಕ್ಷರದ ಬಗ್ಗೆ ತಲೆ ಕೆಡಿಸಿಕೊಂಡಿದ್ದರು.

ತುಂಗಾ ಫಾಂಟಿನ ಗತಿಯನ್ನೂ ಹೇಳಿಬಿಡುತ್ತೇನೆ. ವಿಂಡೋಸ್ ಎಂಟರಿಂದ ನಿರ್ಮಲಾ ಎಂಬ ಹೊಸ ಫಾಂಟು ಬಂದು ಭಾರತದ ಬಹಳಷ್ಟು ಲಿಪಿಗಳನ್ನು ಒಬ್ಬಳೇ ನಿಭಾಯಿಸತೊಡಗಿದಳು. ಹತ್ತರ ಹೊತ್ತಿಗೆ ತುಂಗಾಳನ್ನು ಮನೆಯಿಂದ ಹೊರಗೆ ಇಟ್ಟರು. ಬೇಕೆಂದವರು ಸೆಟ್ಟಿಂಗ್ಸಿನಲ್ಲಿ ಐಚ್ಛಿಕ ಸೌಲಭ್ಯಗಳ ಪಟ್ಟಿಗೆ ಹೋಗಿ, ಕನ್ನಡದ ಪೂರಕ ಫಾಂಟು ಎಂದು ಹುಡುಕಿ ತರಿಸಿಕೊಳ್ಳಬೇಕು. ರೀಸೆಟ್ ಮಾಡಿದ ಮೇಲೆ ಹಳೆಯ ವರ್ಡ್ ಫೈಲುಗಳ ಸಾಲುಗಳು ಪುಟ ಮೀರಿ ಹರಿದರೆ, ತಪ್ಪು ತುಂಗಾಳ ಗೈರುಹಾಜರಿಯದು.

ವರ್ಷನ್ ಆರಿಸುವ ಹಕ್ಕನ್ನು ನಿಜವಾಗಿ ಕೈಗೆ ಕೊಟ್ಟದ್ದು ನನ್ನ ಅಣ್ಣನ ಮಗಳ ಮ್ಯಾಕ್‌ಬುಕ್ಕು. ಅವಳು ಹಿಂಜವಡಿಯ ಕೆಲಸ ಬಿಟ್ಟು ಹೊರದೇಶಕ್ಕೆ ಹೊರಟಾಗ ತನ್ನ 2015ರ ಏರ್ ಅನ್ನು ‘ಕಾಕಾ, ಇದು ನಿನಗ’ ಎಂದಳು. ಕೊಡುವ ಮುಂಚೆ ಒರೆಸಿ, ಹೊಸದರ ಹಾಗೆ ಮಾಡಿ ಕೊಡುವ ಹಂಬಲ ಅವಳಿಗೆ. ಇಂಟೆಲ್ ಚಿಪ್ಪಿನ ಮ್ಯಾಕುಗಳಲ್ಲಿ ಇದಕ್ಕೆ ಮೂರು ದಾರಿ. ಯಂತ್ರ ಹೊತ್ತಿಸುವಾಗ ಕಮಾಂಡ್ ಮತ್ತು ಆರ್ ಹಿಡಿದರೆ, ನೀವು ಈಚೆಗೆ ಬಳಸುತ್ತಿದ್ದ ವರ್ಷನ್ನೇ ಬರುತ್ತದೆ. ಆಪ್ಶನ್ ಸೇರಿಸಿದರೆ, ಈ ಯಂತ್ರ ತಾಳಬಲ್ಲ ತೀರ ಹೊಸದು. ಅದರ ಮೇಲೆ ಶಿಫ್ಟ್ ಕೂಡ ಹಿಡಿದರೆ, ಯಂತ್ರ ಕಾರ್ಖಾನೆಯಿಂದ ಹೊರಬಿದ್ದಾಗ ಯಾವುದಿತ್ತೋ ಅದು, ಇಲ್ಲವೇ ಅದಕ್ಕೆ ಹತ್ತಿರದ್ದು. ನಾಲ್ಕು ಕೀಲಿಗಳನ್ನು ಒಮ್ಮೆಗೇ ಅದುಮಿ ಹಿಡಿದ ಅವಳ ಬೆರಳುಗಳನ್ನು ನೋಡಿದೆ. ಹಾರ್ಮೋನಿಯಂ ಮೇಲೆ ಕೂಡ ಅಷ್ಟು ಅಗಲ ಚಾಚಿದ್ದನ್ನು ಕಂಡಿರಲಿಲ್ಲ.

ಅವಳಿಗೆ ಬೇಕಿದ್ದದ್ದು ಯೊಸೆಮಿಟಿ ಎಂಬ ಹುಟ್ಟಿದ ದಿನದ ವರ್ಷನ್. ಮನೆಯ ವೈಫೈ ಅಷ್ಟು ದೂರದ ಹಳೆಯದನ್ನು ಎಳೆದು ತರಲು ತಿಣುಕಾಡಿತು. ಸಹೋದ್ಯೋಗಿಯೊಬ್ಬನ ಹತ್ತಿರ ಯಾವಾಗಲೋ ಇಳಿಸಿಟ್ಟ ಯೊಸೆಮಿಟಿಯ ಪೆನ್‌ಡ್ರೈವ್ ಇತ್ತು. ಚುಚ್ಚಿದರೆ, ಈ ಪ್ರತಿ ನಂಬಲು ಯೋಗ್ಯವಲ್ಲ, ಕೆಟ್ಟಿರಬಹುದು ಅಥವಾ ಯಾರೋ ಕೈಯಾಡಿಸಿರಬಹುದು ಎಂಬ ದೂರು ಬಂತು. ಕೆಟ್ಟಿರಲಿಲ್ಲ, ಕೈಯಾಡಿಸಿರಲೂ ಇಲ್ಲ. ಇಂಥ ಹಳೆಯ ಪ್ರತಿಗಳಿಗೆಲ್ಲ ಆಪಲ್ ಒತ್ತಿದ ಡಿಜಿಟಲ್ ಮುದ್ರೆಯ ಅವಧಿ 2019ರ ಅಕ್ಟೋಬರ್ 24ಕ್ಕೆ ತೀರಿಹೋಗಿತ್ತು. ಪರಿಹಾರವನ್ನು ಅವಳು ನಗುತ್ತಲೇ ಮಾಡಿದಳು. ವೈಫೈ ಆರಿಸಿದಳು, ಇಲ್ಲದಿದ್ದರೆ ಯಂತ್ರ ಹೊರಗೆ ಇಣುಕಿ ನಿಜವಾದ ತಾರೀಖು ತಿಳಿದುಕೊಂಡುಬಿಡುತ್ತದೆ. ಟರ್ಮಿನಲ್ ತೆರೆದು ಒಂದು ಸಾಲು ಟೈಪಿಸಿ, ಇವತ್ತು 2016ರ ಜನವರಿ ಎಂದು ಹೇಳಿದಳು. ಯಂತ್ರ ನಂಬಿತು. ಮರುಮಾತಿಲ್ಲದೆ ಯೊಸೆಮಿಟಿ ಏರತೊಡಗಿತು. ಹಳೆಯದು ಬೇಕಾದರೆ ಕಾಲವೂ ಹಳೆಯದೇ ಇರಬೇಕು ಎಂಬ ಷರತ್ತು ನನಗೆ ಬಹಳ ನ್ಯಾಯವಾಗಿ ಕಂಡಿತು. ನಮ್ಮ ಊರಿನ ಗೆಳೆಯರು ಕೂಡಿದಾಗ ನಾವು ಮಾಡುವುದೂ ಅದನ್ನೇ, ಟರ್ಮಿನಲ್ ಒಂದಿಲ್ಲ.

ಹೊಸದರ ಹಾಗಿದ್ದ ಆ ಏರ್ ನನ್ನ ಕೈಯಲ್ಲಿ ಬಹಳ ಹೊತ್ತು ಹೊಸದಾಗಿ ಉಳಿಯಲಿಲ್ಲ. ತಾರೀಖು ಸರಿಮಾಡಿ ಪತ್ರಿಕೆ ಓದಲು ಹೋದರೆ, ಈ ತಾಣ ಸುರಕ್ಷಿತವಲ್ಲ ಎಂಬ ಕೆಂಪು ಬೆದರಿಕೆ. ಒಂದು ತಾಣವಲ್ಲ, ಹತ್ತಾರು. ಜಗತ್ತಿನ ಬಹುಪಾಲು ವೆಬ್‌ಸೈಟುಗಳಿಗೆ ಪುಕ್ಕಟೆ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಆಧರಿಸಿದ್ದ ಹಳೆಯ ಬೇರು-ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ. ಹೊಸ ಬೇರಿನ ಪರಿಚಯ ಯೊಸೆಮಿಟಿಗೆ ಇಲ್ಲ. ಅದರ ಕಣ್ಣಿಗೆ ಎಲ್ಲರೂ ಅಪರಿಚಿತರು, ಎಲ್ಲರೂ ಸಂಶಯಾಸ್ಪದರು. ಹುಟ್ಟಿದ ದಿನದ ಶುದ್ಧತೆಯ ಬೆಲೆ ಇಷ್ಟು. ಅವಳು ವಿಮಾನ ಹತ್ತುವ ಮುಂಚೆಯೇ ಶಿಫ್ಟ್ ಬಿಟ್ಟು ಮೂರು ಕೀಲಿ ಹಿಡಿದು, ಆ ಯಂತ್ರಕ್ಕೆ ಕೊನೆಯ ಮೆಟ್ಟಿಲಾದ 2021ರ ಮಾಂಟೆರೆಯನ್ನು ಹಾಕಿಕೊಟ್ಟಳು. ಸುಮಾರು 12 ಜಿಬಿ. ಬುಧವಾರ ರಾತ್ರಿಯೇ ಮುಗಿಸಬೇಕೆಂದು ನಾನು ಗಡಿಬಿಡಿ ಮಾಡಿದೆ. ನಲ್ಲಿ ನೀರಿರಲಿ ಕರೆಂಟಿರಲಿ, ಪುಣೆಯವರು ದುರಸ್ತಿಗೆ ಗುರುವಾರವನ್ನೇ ಹಿಡಿಯುತ್ತಾರೆ. ಅರ್ಧ ಏರಿದ ಮಾಂಟೆರೆಯ ಮೇಲೆ ಕತ್ತಲೆ ಕವಿದರೆ ಯಾರಿಗೆ ಹೇಳುವುದು? ಅಂದಹಾಗೆ, 2020ರ ಕೊನೆಗೆ ಬಂದ ಆಪಲ್‌ನ ಸ್ವಂತ ಚಿಪ್ಪಿನ ಮ್ಯಾಕುಗಳಲ್ಲಿ ಈ ಮೂರು ದಾರಿಗಳ ಆಟ ಇಲ್ಲ. ಪವರ್ ಬಟನ್ ಒತ್ತಿ ಹಿಡಿ, ಕೊಟ್ಟದ್ದನ್ನು ತಗೋ.

ವಿಂಡೋಸಿನ ಕಡೆ ತಗೋ ಎನ್ನುವ ದನಿ ಇನ್ನೂ ಜೋರಾಯಿತು. 2025ರ ಅಕ್ಟೋಬರ್ 14ಕ್ಕೆ ಹತ್ತರ ಆಯಸ್ಸು ಮುಗಿಯಿತು ಎಂದು ಮೈಕ್ರೋಸಾಫ್ಟ್ ಸಾರಿತು. ಹೆಸರು ನೋಂದಾಯಿಸಿದವರಿಗೆ ಒಂದು ವರ್ಷ ಸುರಕ್ಷಾ ಅಪ್‌ಡೇಟುಗಳ ಮುಂದುವರಿಕೆ. ಹನ್ನೊಂದು ಹಾಕಿಸೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಚಿಪ್ಪು ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯ ಮೇಲಿನದೇ ಆಗಬೇಕು. ಅಂದರೆ ಕಾತ್ರಜದ ಮನೆಮನೆಗಳಲ್ಲಿ ಇನ್ನೂ ಗಟ್ಟಿಮುಟ್ಟಾಗಿ ಓಡುತ್ತಿರುವ ಆರನೇ ಏಳನೇ ಪೀಳಿಗೆಯ ಯಂತ್ರಗಳು, ತಮ್ಮ ತಪ್ಪೇನೂ ಇಲ್ಲದೆ, ಒಂದು ಬೆಳಗ್ಗೆ ಮುದುಕಾದವು. ಅಂಗಡಿಯಲ್ಲಿ ಆ ವಾರ ಬೆಂಚು ಹಿಡಿಯದಷ್ಟು ಜನ. ರೂಫಸ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವ್ ಕಟ್ಟಿದರೆ ಹನ್ನೊಂದು ಈ ಕಟ್ಟಳೆಗಳನ್ನು ಕೇಳದೆ ಹತ್ತಿಬಿಡುತ್ತದೆ. ಏನೂ ಬರೆಯದ ಪೆನ್‌ಡ್ರೈವಿನ ‘ಬ್ಯಾರೆ ಕೆಲಸ’ ಇದೇ ಇರಬೇಕೆಂದು ನನ್ನ ಗುಮಾನಿ.

ಹೊಸದು ಬಂದರೆ ಹಳೆಯದು ಮುಚ್ಚಲೇಬೇಕು ಎಂಬ ವಾದವನ್ನು ಕಾತ್ರಜದವರಿಗೆ ಹೇಳಿ ಒಪ್ಪಿಸುವುದು ಕಷ್ಟ. ನಮ್ಮ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನ ಬಸ್ಸುಗಳು ಈಗ ಬೈಪಾಸ್ ಹಿಡಿದು ಹೊಸ ಸುರಂಗದೊಳಗೆ ಸುಂಯ್ ಎಂದು ನುಗ್ಗಿ ಆಚೆ ಬೀಳುತ್ತವೆ. ಆದರೆ ಚೌಕದಿಂದ ನೆಟ್ಟಗೆ ಘಾಟು ಹತ್ತಿ, ಹಳೆಯ ಸುರಂಗ ದಾಟಿ ಹೋಗುವ ರಸ್ತೆ ಮುಚ್ಚಿಲ್ಲ. ಎರಡೂ ಶಿಂದೇವಾಡಿಯ ಹತ್ತಿರ ಸೇರುತ್ತವೆ. ಹಳೆಯದರಲ್ಲಿ ಲಾರಿ ಉಸಿರು ಬಿಡುತ್ತದೆ, ತಿರುವುಗಳಿವೆ, ಮಳೆಗಾಲದಲ್ಲಿ ಕಲ್ಲು ಜಾರುತ್ತದೆ. ಆದರೂ ಹೋಗುವವರು ಹೋಗುತ್ತಾರೆ, ಯಾರೂ ಅಡ್ಡಗಟ್ಟಿ ನಿಮ್ಮ ಗಾಡಿಯ ಪೀಳಿಗೆ ಯಾವುದು ಎನ್ನುವುದಿಲ್ಲ.

ಲಿನಕ್ಸ್ ಹಾಕಿ ನೋಡಿ ಎನ್ನುವ ಒಂದು ಪಂಗಡವೂ ಇದೆ. ನಾನು ಹಳೆಯ ಡೆಸ್ಕ್‌ಟಾಪಿನಲ್ಲಿ ಹಾಕಿಸಿ ನೋಡಿದೆ. ಪೀಳಿಗೆ ಕೇಳಲಿಲ್ಲ, ಲೈಸೆನ್ಸ್ ಕೇಳಲಿಲ್ಲ, ಕನ್ನಡ ತಾನಾಗಿಯೇ ಕಂಡಿತು. ಲೋಹಿತ್ ಎಂಬ ಫಾಂಟು. ಅದನ್ನು ವರ್ಷಗಟ್ಟಲೆ ನೋಡಿಕೊಂಡದ್ದು ರೆಡ್ ಹ್ಯಾಟ್ ಕಂಪನಿಯ ಪುಣೆಯ ಎಂಜಿನಿಯರುಗಳಂತೆ. ಈ ಊರಿನ ಋಣ ಮತ್ತೆ ಬೆಳೆಯಿತು. ಎಲ್ಲ ಛಲೋ. ನುಡಿ ಮಾತ್ರ ಅದರಲ್ಲಿ ನಡೆಯುವುದಿಲ್ಲ. ನುಡಿ ಬೇಕೆಂದರೆ ವಿಂಡೋಸ್ ಬೇಕು, ಹಳೆಯ ನುಡಿಗೆ ಹಳೆಯ ವಿಂಡೋಸ್ ಇನ್ನೂ ಹಿತ. ಕೊನೆಗೆ ಆ ಡೆಸ್ಕ್‌ಟಾಪಿಗೆ ಜಿಡ್ಡಿನ ಟೇಪಿನ ಪೆನ್‌ಡ್ರೈವನ್ನೇ ಚುಚ್ಚಿಸಿದೆ. ಸೆವೆನ್ನನ್ನು ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೆ ಕೈಬಿಟ್ಟಿದೆ, ಕ್ರೋಮ್ 109ರ ನಂತರ ಬ್ರೌಸರೂ ಹೊಸದಾಗುವುದಿಲ್ಲ. ‘ನೆಟ್ಟಿನ ವೈರ್ ಹಚ್ಚಬ್ಯಾಡ್ರಿ, ಅಷ್ಟ’ ಎಂದ ನಿಪ್ಪಾಣಿಯ ಹುಡುಗ. ಹಚ್ಚಿಲ್ಲ. ಪತ್ರಿಕೆ ಓದುವುದು ಮಾಂಟೆರೆಯಲ್ಲಿ, ಬ್ಯಾಂಕಿನ ಕೆಲಸ ಸಿಂಗಲ್ ಲ್ಯಾಂಗ್ವೇಜಿನಲ್ಲಿ, ನನ್ನ ತಾಯಿ ಹೇಳಿ ಬರೆಸಿದ ಬೀಸುವ ಹಾಡುಗಳು ಸೆವೆನ್ನಿನಲ್ಲಿ. ಮೂರು ಯಂತ್ರ ಯಾಕೆ ಎಂದು ಕೇಳುವ ಹೆಂಡತಿಗೆ, ಮೂರು ನಮೂನೆಯ ಉಪ್ಪಿನಕಾಯಿ ಯಾಕೆ ಎಂದು ಕೇಳುವ ಧೈರ್ಯ ನನಗಿಲ್ಲ.

ಈಗ ಭಾನುವಾರ ಮಧ್ಯಾಹ್ನಗಳಲ್ಲಿ ಖಜಾಂಚಿಗಳು ತಮ್ಮ ಫೈಲುಗಳನ್ನು ಹೊತ್ತುಕೊಂಡು ನಮ್ಮಲ್ಲಿಗೆ ಬರುತ್ತಾರೆ. ಸೆವೆನ್ನಿನ ನುಡಿಯಲ್ಲಿ ತೆರೆದು, ಕನ್ವರ್ಟರಿನಲ್ಲಿ ಹಾಯಿಸಿ, ಯೂನಿಕೋಡ್ ಮಾಡಿ, ಪೌಂಡಿನ ಕಾಟವನ್ನು ಶಾಶ್ವತವಾಗಿ ಮುಗಿಸುವ ಕೆಲಸ. ಕನ್ವರ್ಟರ್ ಜಾಣ, ಆದರೆ ಅರ್ಕಾವತ್ತು ಸಿಕ್ಕರೆ ಒಮ್ಮೊಮ್ಮೆ ಎಡವುತ್ತದೆ. ಹಳೆಯ ಫಾಂಟುಗಳಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರದ ಹಿಂದೆ ಕೂತಿರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ ಮುಂದೆ ಬರಬೇಕು. ಹಾರಿ ಮುಂದೆ ಬರದಿದ್ದರೆ ಕಾರ್ಯಕ್ರಮವೆಲ್ಲ ‘ಕಾಯರ್ಕ್ರಮ’, ಕುಲಕರ್ಣಿಯವರೆಲ್ಲ ‘ಕುಲಕಣಿರ್’. ನಮ್ಮ ದೇಣಿಗೆಯ ಪಟ್ಟಿಯಲ್ಲಿ ಕುಲಕರ್ಣಿಗಳಿಗೆ ಬರವಿಲ್ಲ. ಒಬ್ಬೊಬ್ಬರನ್ನೇ ಹಿಡಿದು ನೆಟ್ಟಗೆ ನಿಲ್ಲಿಸಬೇಕು. ನಾನು ಓದುತ್ತೇನೆ, ಅವರು ತಿದ್ದುತ್ತಾರೆ.

ಮೊನ್ನೆ 2006ರ ರಾಜ್ಯೋತ್ಸವದ ಪಟ್ಟಿಗೆ ಬಂದೆವು. ಯಾರು ಎಷ್ಟು ಬರೆಸಿದರು, ಯಾರು ಎಷ್ಟು ಕೊಟ್ಟರು, ಬಾಕಿ ಎಷ್ಟು ಎಂದು ಮೂರು ಕಾಲಮ್ಮು. ಎರಡನೇ ಪುಟದ ಮೇಲೆ, ಇಬ್ಬರು ಕುಲಕರ್ಣಿಗಳ ನಡುವೆ, ಖಜಾಂಚಿಗಳದೇ ಹೆಸರು. ಬರೆಸಿದ್ದು 501. ಕೊಟ್ಟಿದ್ದು ಖಾಲಿ. ಬಾಕಿಯ ಕಾಲಮ್ಮಿನಲ್ಲಿ ಮತ್ತೆ 501, ಅದೂ ದಪ್ಪ ಅಕ್ಷರದಲ್ಲಿ. ನಾನು ಜೋರಾಗಿಯೇ ಓದಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿದರು.

‘ಇದೊಂದು ಫೈಲು,’ ಎಂದರು, ‘ಇದ್ದಂಗ ಇರ್ಲಿ ಬಿಡ್ರಿ. ಪೌಂಡಿನ್ಯಾಗ ಛಲೋ ಇತ್ತು.’